ಒರೆಸಬಾರದ ಬಾಟಲಿ

ಕಂಪಾಲಾ ನಗರದ ಆಸ್ಪತ್ರೆಯ ಬೆಂಚಿನ ಮೇಲೆ ಕೂತಷ್ಟು ಹೊತ್ತೂ ನಲ್ವೋಗಾ ಅಜ್ಜಿಗೆ ಒಂದೇ ಚಿಂತೆ. ಮೊಮ್ಮಗಳು ನಕಿಮುಲಿಯ ಎದೆಯೊಳಗಿನ ಸಿಳ್ಳೆ ಇನ್ನೂ ನಿಂತಿರಲಿಲ್ಲ. ಹೋದ ಸಲ ಮಕ್ಕಳ ಶ್ವಾಸಕೋಶದ ಡಾಕ್ಟರು ಬಿರುಂಗಿ ಮೆತ್ತಗೆ ಹೇಳಿದ್ದರು: "ಇನ್ನೊಂದ್ಸಲವೂ ಹೀಗೇ ಇದ್ರೆ, ನಿಮ್ಮ ಹಳ್ಳಿ ಮನೆ ಗಾಳಿ ಇವಳಿಗೆ ಒಗ್ತಿಲ್ಲ ಅಂತಾಯ್ತು. ಇಲ್ಲೇ ಪಟ್ಟಣದಲ್ಲಿ ಅಪ್ಪ ಅಮ್ಮನ ಹತ್ರ ಇಟ್ಟು ನೋಡೋಣ."

ಎದೆಹಾಲು ಬಿಟ್ಟಾಗಿನಿಂದ ಸಾಕಿದ ಕೂಸು. ಅವಳಿಗೋಸ್ಕರ ಅಜ್ಜಿ ಇದ್ದಿಲೊಲೆಯನ್ನು ಹಲಸಿನ ಮರದ ಕೆಳಗೆ ಸಾಗಿಸಿದ್ದಳು, ಕೋಳಿಗಳನ್ನು ಪಕ್ಕದ ಮನೆಗೆ ಕೊಟ್ಟಿದ್ದಳು. ಇನ್ನೇನು ಮಾಡಬೇಕೆಂದು ಅವಳಿಗೆ ತೋಚುತ್ತಿರಲಿಲ್ಲ.

ಬಿರುಂಗಿ ಮಗುವಿನ ಬೆನ್ನಿಗೆ ಸ್ಟೆತಸ್ಕೋಪಿನ ಕೊಳವೆಯಿಟ್ಟು ಆಲಿಸಿದರು. ಹುಬ್ಬು ಗಂಟಿಕ್ಕಿತು.

"ಉಸಿರಿಗೆ ಎಳ್ಕೊಳ್ಳೋ ಔಷಧಿ ಪಂಪು ದಿನಾ ಕೊಡ್ತಿದ್ದೀರಾ, ಅಜ್ಜಿ?"

"ಪ್ರಾರ್ಥನೆ ತಪ್ಪೀತು, ಅದು ತಪ್ಪಿಲ್ಲ."

"ಪ್ರಾರ್ಥನೆ ಮೊನ್ನೆ ತಪ್ಪಿತ್ತು," ಎಂದಳು ನಕಿಮುಲಿ.

"ನೀನು ಬಾಯಿ ಮುಚ್ಚು."

"ಎಲ್ಲಿ, ಬಾಟಲಿ ತೋರ್ಸಿ."

ಅಜ್ಜಿ ಬುಟ್ಟಿಯಿಂದ ಬಟ್ಟೆಯ ಗಂಟು ತೆಗೆದು ಬಿಚ್ಚಿದಳು. ಆಸ್ಪತ್ರೆಯವರೇ ತಳದಲ್ಲಿ ತೂತು ಕೊರೆದು ಕೊಟ್ಟಿದ್ದ ನೀರಿನ ಪ್ಲಾಸ್ಟಿಕ್ ಬಾಟಲಿ. ತೂತಿಗೆ ಪಂಪು ಸಿಕ್ಕಿಸಿ ಒತ್ತಿದರೆ ಔಷಧಿ ಮಂಜಿನಂತೆ ತುಂಬಿಕೊಳ್ಳುತ್ತದೆ. ಮಗು ಬಾಟಲಿಯ ಬಾಯಿಗೆ ಬಾಯಿಟ್ಟು ಎಳೆದುಕೊಳ್ಳಬೇಕು. ಅದು ಗಾಜಿನ ಹಾಗೆ ಫಳಫಳ ಹೊಳೆಯುತ್ತಿತ್ತು.

"ಇದನ್ನ ಒರೆಸೋರು ಯಾರು?"

"ಇನ್ಯಾರು, ನಾನೇ! ದಿನಾ ತೊಳೆದು, ಒಣ ಬಟ್ಟೆ ಹಾಕಿ ತಿಕ್ಕಿ ತಿಕ್ಕಿ ಒರೆಸ್ತೀನಿ."

"ತೊಳೆದು ಹಾಗೇ ಬಿಡಿ, ಒರೆಸಬೇಡಿ ಅಂತ ನರ್ಸು ಹೇಳಿರಲಿಲ್ವಾ?"

"ಹೇಳಿದ್ಲು. ಅದು ಸೋಮಾರಿ ಹೆಂಗಸರಿಗೆ ಕೊಟ್ಟ ರಿಯಾಯ್ತಿ ಅಂದ್ಕೊಂಡೆ."

ಬಿರುಂಗಿ ನಗಲಿಲ್ಲ. ಕಾಗದವನ್ನು ಚೂರುಚೂರು ಹರಿದು ಮೇಜಿನ ಮೇಲೆ ಹರಡಿ, ಬಾಟಲಿಯನ್ನು ಅದೇ ಬಟ್ಟೆಯಿಂದ ತಿಕ್ಕಿ ಮೇಲೆ ಹಿಡಿದರು. ಚೂರುಗಳು ಟಪಟಪ ಹಾರಿ ಅಂಟಿಕೊಂಡವು. ನಕಿಮುಲಿ ಚಪ್ಪಾಳೆ ತಟ್ಟಿದಳು.

"ತಿಕ್ಕಿದ ಬಾಟಲಿಗೆ ಔಷಧಿಯೂ ಹೀಗೇ ಅಂಟ್ಕೊಳ್ತದೆ, ಅಜ್ಜಿ. ಇವಳ ಎದೆಗೆ ಹೋಗೋದು ಅಷ್ಟಿಷ್ಟೇ. ಮಿಕ್ಕಿದ್ದನ್ನ ಬಾಟಲಿ ಕುಡೀತಿದೆ."

"ಹಾಗಾದ್ರೆ ನಾನೇ..." ಅಜ್ಜಿ ಮೊಮ್ಮಗಳನ್ನು ಹತ್ತಿರಕ್ಕೆಳೆದುಕೊಂಡಳು.

"ಗಾಳಿಯದ್ದಲ್ಲ ತಪ್ಪು, ಅನ್ಸುತ್ತೆ. ಇನ್ನೊಂದು ತಿಂಗಳು ನಿಮ್ಮ ಹತ್ರವೇ ಇರಲಿ."

ಊರಿಗೆ ಬಂದ ಮೇಲೆ ಬಾಟಲಿ ಅಂಗಳದಲ್ಲಿ ಪಾತ್ರೆ ಒಣಗಿಸುವ ಅಟ್ಟಣೆಯ ಮೇಲೆ ಬೋರಲಾಗಿ, ಮೈತುಂಬ ನೀರಿನ ಕಲೆ ಹೊತ್ತು ಕೂರತೊಡಗಿತು. ಅದನ್ನು ಕಂಡಾಗಲೆಲ್ಲ ಅಜ್ಜಿಯ ಕೈ ಬಟ್ಟೆಯ ಕಡೆ ಹೋಗಿ ಹಿಂದೆ ಬರುತ್ತಿತ್ತು.

"ಏನು ಅಕ್ಕ, ಕಣ್ಣು ಮಂಜಾಯ್ತಾ? ಕಲೆ ಹಾಗೇ ಇದೆಯಲ್ಲ!" ಪಕ್ಕದ ಮನೆಯ ನಬುಕೆನ್ಯಾ ಬೇಲಿಯಾಚೆಯಿಂದ ಕೆಣಕಿದಳು.

"ನನ್ನ ಕೋಳಿ ಮೊಟ್ಟೆ ತಿಂದು ನನಗೇ ಬುದ್ಧಿ ಹೇಳ್ತೀಯಾ? ಹೋಗೇ."

ತಿಂಗಳಾದ ಮೇಲೆ ಬಿರುಂಗಿ ಮಗುವಿನ ಎದೆಗೆ ಕೊಳವೆಯಿಟ್ಟು ಬಹಳ ಹೊತ್ತು ಆಲಿಸಿದರು. ಆಮೇಲೆ ಕೊಳವೆಯನ್ನು ಅಜ್ಜಿಯ ಕಿವಿಗೇ ಸಿಕ್ಕಿಸಿದರು. ಅಜ್ಜಿ ಉಸಿರು ಬಿಗಿಹಿಡಿದು ಆಲಿಸಿದಳು. ಬಾಳೆ ತೋಟದಲ್ಲಿ ಗಾಳಿ ಸುಳಿದಂಥ ಸದ್ದು, ಅಷ್ಟೇ.

"ಸಿಳ್ಳೆ ಎಲ್ಲಿ?"

"ಇಲ್ಲ. ಮನೆಗೆ ಕರ್ಕೊಂಡು ಹೋಗಿ."

ಅಜ್ಜಿ ಕಲೆಗಳ ಬಾಟಲಿಯನ್ನು ಜೋಪಾನವಾಗಿ ಬುಟ್ಟಿಗಿಟ್ಟಳು. ನಕಿಮುಲಿಯ ಕೆನ್ನೆಗೆ ಬೆಳಗ್ಗೆ ತಿಂದ ಕಡಲೆಕಾಯಿ ಗೊಜ್ಜು ಮೆತ್ತಿಕೊಂಡಿತ್ತು. ಅಜ್ಜಿ ಬಟ್ಟೆ ಎತ್ತಿಕೊಂಡವಳು ತಡೆದು, ಡಾಕ್ಟರ ಮುಖ ನೋಡಿದಳು.

"ಇವಳನ್ನಾದ್ರೂ ಒರೆಸಬಹುದೋ, ಇಲ್ಲ ಇವಳೂ ತಾನಾಗೇ ಒಣಗಬೇಕೋ?"