ಇಸ್ಯಾಂಗ್ ಅಜ್ಜಿಯ ಸಾವಿನ ರಜೆ

ನನ್ನ ಅಜ್ಜಿಯನ್ನು ನಾನು ಸಾಯಿಸಿದ್ದು ಮಂಗಳವಾರ ಬೆಳಗ್ಗೆ, ನಮ್ಮೂರು ಲಿಪಾಗೆ ಹೋಗುವ ಬಸ್ಸಿನಲ್ಲಿ ಕೂತು, ಫೋನಿನಲ್ಲಿ ಒಂದು ಸಾಲು ಬರೆದು. ‘ಅಜ್ಜಿ ತೀರಿಕೊಂಡರು, ಹೃದಯಾಘಾತ, ಊರಿಗೆ ಹೊರಟಿದ್ದೇನೆ.’ ನಮ್ಮ ಟೀಮ್ ಲೀಡರ್ ಚೋನಾ ಅಕ್ಕನ ಉತ್ತರ ಅರ್ಧ ನಿಮಿಷದಲ್ಲಿ ಬಂತು. ‘ಅಯ್ಯೋ ಅರ್ಲಿನ್, ಧೈರ್ಯ ತಂದ್ಕೋ. ನಾಲ್ಕು ದಿನ ರಜೆ ಹಾಕಿದ್ದೀನಿ. ಮರಣಪತ್ರ ಶುಕ್ರವಾರದೊಳಗೆ ಕಳಿಸು.’ ಅದೇ ಹೊತ್ತಿಗೆ ಇಸ್ಯಾಂಗ್ ಅಜ್ಜಿ ಅಂಗಳದಲ್ಲಿ ನಿಂತು ಪಕ್ಕದ ಮನೆಯ ಹುಂಜಕ್ಕೆ ಬಯ್ಯುತ್ತಿದ್ದಳು.

ನಮ್ಮದು ಮನಿಲಾದಲ್ಲಿ ಆರು ಸಾವಿರ ಜನ ಕೂತು ಫೋನ್ ಎತ್ತುವ ಕಂಪನಿ. ಅಮೆರಿಕದವರ ಕಾರ್ಡ್ ಕಳೆದರೆ ಬೈಗುಳ ನಮಗೆ. ಪ್ರತಿ ಕರೆಗೂ ಮೊದಲು ಕಿವಿಯಲ್ಲಿ ‘ಬೀಪ್’ ಅನ್ನುತ್ತದೆ. ಆ ಸದ್ದು ಬಂದರೆ ನನಗೆ ಕೈ ನಡುಗುತ್ತಿತ್ತು. ಸೋಮವಾರ ರಾತ್ರಿಯ ಪಾಳಿಯಲ್ಲಿ ‘ನಮಸ್ಕಾರ, ನಾನು...’ ಅಂದವಳಿಗೆ ನನ್ನ ಹೆಸರೇ ಮರೆತುಹೋಯಿತು. ಆ ಕಡೆಯವನು ‘ಹಲೋ, ಹಲೋ’ ಅನ್ನುತ್ತಿದ್ದ. ಹೆಡ್‌ಸೆಟ್ ಕಳಚಿಟ್ಟೆ. ಎದ್ದು ಹೋಗಿ ಶೌಚಾಲಯದಲ್ಲಿ ಬಾಗಿಲು ಹಾಕಿಕೊಂಡು ಕೂತೆ.

ಕಂಪನಿ ಏನೂ ಮಾಡಿರಲಿಲ್ಲ ಎಂದರೆ ಪಾಪ ಬರುತ್ತದೆ. ತಿಂಗಳಿಗೊಂದು ‘ಸ್ವಾಸ್ಥ್ಯ ಶುಕ್ರವಾರ’ ಇತ್ತು. ಅವತ್ತು ಐಸ್‌ಕ್ರೀಮು, ಹತ್ತು ನಿಮಿಷ ಕುತ್ತಿಗೆ ನೀವಿಸಿಕೊಳ್ಳುವ ಭಾಗ್ಯ. ‘ನೀವು ಚೆನ್ನಾಗಿದ್ದೀರಾ? ನಮ್ಮ ಜೊತೆ ಮಾತಾಡಿ’ ಎಂಬ ಭಿತ್ತಿಚಿತ್ರ, ಕೆಳಗೊಂದು ಸಹಾಯವಾಣಿ. ಆ ಶೌಚಾಲಯದಿಂದಲೇ ಫೋನ್ ಮಾಡಿದೆ. ಒಂದು ಹುಡುಗಿ ಎತ್ತಿದಳು. ‘ನಿಮ್ಮ ಕಷ್ಟ ನನಗೆ ಪೂರ್ತಿ ಅರ್ಥವಾಗುತ್ತೆ’ ಅಂದಳು. ಆ ಮಾತು, ಆ ರಾಗ, ನಡುವಿನ ಆ ನಿಲುಗಡೆ ಎಲ್ಲವೂ ನನಗೆ ಬಾಯಿಪಾಠ. ದಿನಕ್ಕೆ ಅರವತ್ತು ಸಲ ನಾನೇ ಹೇಳುವ ಮಾತು ಅದು. ಅವಳೂ ಬರೆದುಕೊಟ್ಟ ಮಾತನ್ನು ಎದುರಿಗಿಟ್ಟುಕೊಂಡು ಓದುತ್ತಿದ್ದಳು. ಪಾಪ, ಅವಳ ಕೈಯೂ ನಡುಗುತ್ತಿತ್ತೋ ಏನೋ. ಫೋನ್ ಇಟ್ಟುಬಿಟ್ಟೆ.

ಹುಷಾರಿಲ್ಲದ ರಜೆಗೆ ವೈದ್ಯರ ಚೀಟಿ ಬೇಕು, ಚೀಟಿಯಲ್ಲಿ ರೋಗದ ಹೆಸರು ಬೇಕು. ಬೀಪ್ ಕೇಳಿದರೆ ಹೆದರಿಕೆ ಅಂತ ಯಾರು ಬರೆದುಕೊಡುತ್ತಾರೆ? ಬರೆದುಕೊಟ್ಟರೆ ಇನ್ನೂ ಕೆಟ್ಟದ್ದು. ಆ ಹುಡುಗಿಗೆ ತಲೆ ಸರಿಯಿಲ್ಲ ಎಂದು ಎರಡನೇ ಮಹಡಿಯೆಲ್ಲ ಗುಸುಗುಸು ಶುರುವಾಗುತ್ತದೆ. ಸತ್ತ ಅಜ್ಜಿಯ ವಿಷಯದಲ್ಲಿ ಮಾತ್ರ ಯಾರೂ ಅಡ್ಡ ಮಾತಾಡುವುದಿಲ್ಲ.

ಅಮ್ಮ ಹಾಂಗ್‌ಕಾಂಗಿನಲ್ಲಿ ಯಾರದೋ ಮಕ್ಕಳನ್ನು ಸಾಕುತ್ತಿದ್ದಾಗ ನನ್ನನ್ನು ಸಾಕಿದವಳು ಇಸ್ಯಾಂಗ್ ಅಜ್ಜಿ. ಅಂಥವಳನ್ನು ಸಾಯಿಸಿದೆನಲ್ಲ ಎಂಬ ಭಯ ಬಸ್ಸಿಳಿಯುವ ಮೊದಲೇ ಹಿಡಿದುಕೊಂಡಿತು. ಬರೆದದ್ದು ನಿಜವಾಗಿಬಿಟ್ಟರೆ? ಬುಧವಾರ ಮಧ್ಯಾಹ್ನ ಅವಳು ಮಲಗಿದ್ದಾಗ ಮೂಗಿನ ಹತ್ತಿರ ಕೈ ಹಿಡಿದು ನೋಡಿದೆ. ಅವಳು ಒಂದು ಕಣ್ಣು ತೆರೆದಳು.

“ಏನೇ, ಉಸಿರು ಎಣಿಸ್ತಿದ್ದೀಯಾ? ಎಂಬತ್ತೆರಡು ವರ್ಷದಿಂದ ಸರಿಯಾಗೇ ಬರ್ತಿದೆ. ಹೋಗಿ ಸ್ನಾನ ಮಾಡು, ವಾಸನೆ ಹೊಡೀತಿದ್ದೀಯ.”

ಗುರುವಾರ ಬೆಳಗ್ಗೆ ಎಂಟು ಗಂಟೆಗೆ ಫೋನಿಗೆ ಒಂದು ಚಿತ್ರ ಬಂತು. ಆಳೆತ್ತರದ ಹೂಚಕ್ರ, ಅದರ ಮೇಲೆ ಪಟ್ಟಿ: ‘ಇಸಿದ್ರಾ ಅಜ್ಜಿಗೆ, ಹದಿನಾಲ್ಕನೇ ಟೀಮಿನ ಕಣ್ಣೀರು.’ ಇಸ್ಯಾಂಗ್ ಅಜ್ಜಿಯ ಪೂರ್ತಿ ಹೆಸರು ಇಸಿದ್ರಾ. ಕೆಳಗೆ ಬೊಯೆಟ್‌ನ ಧ್ವನಿ. ಬೊಯೆಟ್ ನನ್ನ ಪಕ್ಕದ ಕುರ್ಚಿಯವನು, ಅವನ ಬಾಯಿಗೆ ಬೀಗವಿಲ್ಲ.

“ಅರ್ಲಿನ್, ಪಾಳಿ ಮುಗಿಸ್ಕೊಂಡು ಎಲ್ಲರೂ ವ್ಯಾನ್ ಹತ್ತಿದ್ದೀವಿ. ಹೆಣದ ಹತ್ರ ನೀನೊಬ್ಳೇ ಕೂತಿರೋದು ಬೇಡ. ಬಿಸ್ಕತ್ತು, ಇಸ್ಪೀಟು, ಕಲ್ಲಂಗಡಿ ಬೀಜ ಎಲ್ಲಾ ತಂದಿದ್ದೀವಿ. ನೀನು ಕಾಫಿ ನೋಡ್ಕೋ ಸಾಕು.”

ನಾನು ಯಾಕೆ ಇದನ್ನು ಯೋಚಿಸಲಿಲ್ಲ? ನಮ್ಮಲ್ಲಿ ಸಾವಿನ ಮನೆಗೆ ಕರೆಯಬೇಕಾಗಿಲ್ಲ, ಬರಬೇಡಿ ಅಂದರೂ ಬರುತ್ತಾರೆ. ಸತ್ತವರನ್ನು ಒಂಟಿಯಾಗಿ ಬಿಡಬಾರದು ಎಂದು, ಮಣ್ಣು ಮಾಡುವವರೆಗೆ ಹಲವು ದಿನ ಇಸ್ಪೀಟಾಡುತ್ತಾ ಸರದಿಯ ಮೇಲೆ ಕೂರುತ್ತಾರೆ. ‘ತುಂಬಾ ದೂರ, ಬೇಡ’ ಎಂದು ಬರೆದೆ. ‘ಕಲಾಂಬಾ ದಾಟಿದ್ವಿ’ ಎಂದು ಉತ್ತರ ಬಂತು. ಇನ್ನೊಂದು ಗಂಟೆ. ನಾಳೆ ಮರಣಪತ್ರ ಕೊಡದಿದ್ದರೂ ಕೆಲಸ ಹೋಗುತ್ತಿತ್ತು, ಈಗ ಎಲ್ಲರ ಕಣ್ಣೆದುರಿಗೇ ಹೋಗುತ್ತದೆ.

“ಅಜ್ಜಿ, ಇವತ್ತು ಚಿಕ್ಕಜ್ಜಿ ಮನೆಗೆ ಹೋಗಿ ಬಾ. ರಿಕ್ಷಾ ಕರೀತೀನಿ.”

“ಅವಳ ಮುಖ ನೋಡೋಕಾ? ಹೋದ ಭಾನುವಾರ ತಾನೇ ಜಗಳ ಆಡಿ ಬಂದಿದ್ದೀನಿ.”

“ಹಾಗಾದ್ರೆ ಚರ್ಚಿಗೆ ಹೋಗು.”

ಅಜ್ಜಿ ಅಕ್ಕಿ ಆರಿಸುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. “ನಿನಗೆ ಏನಾಗಿದೆ?”

ಹೇಳಿಬಿಟ್ಟೆ. ನೆಲ ನೋಡಿಕೊಂಡು, ಒಂದೇ ಉಸಿರಿಗೆ, ರಜೆ, ಸುಳ್ಳು, ವ್ಯಾನು, ಹೂಚಕ್ರ ಎಲ್ಲವನ್ನೂ. ಅವಳು ಕೆನ್ನೆಗೆ ಬಾರಿಸುತ್ತಾಳೆ ಎಂದುಕೊಂಡಿದ್ದೆ. ಬಾರಿಸಿದ್ದರೆ ಚೆನ್ನಾಗಿತ್ತು.

“ಯಾವ ರೋಗ ಬಂದು ಸತ್ತೆ ನಾನು?”

“ಹೃದಯಾಘಾತ.”

“ಸುಳ್ಳು ಹೇಳೋಕೂ ಬರಲ್ಲ ನಿನಗೆ. ನನ್ನ ಹೃದಯ ನಿನ್ನದಕ್ಕಿಂತ ಗಟ್ಟಿಯಾಗಿದೆ.” ಅಕ್ಕಿಯ ಮೊರವನ್ನು ಪಕ್ಕಕ್ಕೆ ಸರಿಸಿದಳು. “ಎದ್ದು ಕಾಫಿಗೆ ನೀರಿಡು. ಎಷ್ಟು ಜನ ಬರ್ತಾರೆ?”

ಗೇಟಿನ ಬಳಿ ವ್ಯಾನ್ ನಿಂತಾಗ ನಾನು ಅಡುಗೆಮನೆಯ ಬಾಗಿಲ ಹಿಂದೆ ಅಡಗಿದ್ದೆ. ಹತ್ತು ಜನ ಇಳಿದರು, ನಿದ್ದೆಗೆಟ್ಟು ಎಲ್ಲರ ಕಣ್ಣೂ ಕೆಂಪು. ಚಪ್ಪರವಿಲ್ಲ, ದೀಪವಿಲ್ಲ, ಅಂಗಳದಲ್ಲಿ ಒಬ್ಬಳು ಮುದುಕಿ ಪೊರಕೆ ಹಿಡಿದು ನಿಂತಿದ್ದಾಳೆ. ಬೊಯೆಟ್ ಹೂಚಕ್ರವನ್ನು ತಬ್ಬಿಕೊಂಡೇ ತಲೆ ಬಾಗಿಸಿದ.

“ಅಮ್ಮಾ, ತೀರ್ಕೊಂಡ ಅಜ್ಜಿಯನ್ನ ಎಲ್ಲಿ ಮಲಗಿಸಿದ್ದೀರಾ?”

“ತೀರ್ಕೊಂಡಿರೋದು ನಾನೇ ಕಣಪ್ಪ. ಹೂವು ಆ ಕಡೆ ಇಡು, ಕೋಳಿ ತಿಂದುಹಾಕುತ್ತೆ.”

ಬೊಯೆಟ್ ಕಿಟಾರನೆ ಕಿರುಚಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡ. ಯಾರೋ ಕಿಸಕ್ಕನೆ ನಕ್ಕರು. ಚೋನಾ ಅಕ್ಕ ನಗಲಿಲ್ಲ. ಅವರ ಮುಖ ಕಪ್ಪಿಟ್ಟಿತು.

“ಎಲ್ಲಿ ಅವಳು? ನಮ್ಮಪ್ಪ ಸತ್ತಾಗ ನಾನು ಮೂರನೇ ದಿನಕ್ಕೆ ಬಂದು ಹೆಡ್‌ಸೆಟ್ ಹಾಕಿದ್ದೆ. ಇವಳು ಸಾವಿನ ಜೊತೆ ಆಟ ಆಡ್ತಾಳಾ?”

“ಬಯ್ಯಿ, ನಾನೂ ಬಯ್ಯಬೇಕು ಅಂತಿದ್ದೀನಿ,” ಎಂದಳು ಅಜ್ಜಿ. “ಆದರೆ ಮೊದಲು ಒಳಗೆ ಹೋಗಿ ನೋಡು. ಎರಡು ದಿನದಿಂದ ಒಂದು ತುತ್ತು ತಿಂದಿಲ್ಲ, ತಲೆ ಬಾಚಿಲ್ಲ. ಬೀದೀಲಿ ಹಾರ್ನ್ ಹೊಡೆದ್ರೆ ಬೆಚ್ಚಿಬೀಳ್ತಾಳೆ. ನಾನು ಚೆನ್ನಾಗಿದ್ದೀನಮ್ಮ. ನೀವು ಅಳೋಕೆ ಬಂದಿದ್ರೆ ಅವಳ ಹತ್ರ ಕೂತು ಅಳಿ.”

ನಾನು ಹೊರಗೆ ಬಂದೆ. ಚೋನಾ ಅಕ್ಕ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ನನಗೆ ಯಾಕೆ ಹೇಳಲಿಲ್ಲ? ಸಹಾಯವಾಣಿ ನಂಬರು ನನ್ನ ಕುರ್ಚಿ ಹಿಂದೇನೇ ಅಂಟಿಸಿದ್ದಾರೆ.”

“ಮಾಡಿದೆ ಅಕ್ಕ.”

“ಏನಂದ್ರು?”

“ನಾವು ಹೇಳೋದನ್ನೇ ಹೇಳಿದ್ರು.”

ಹತ್ತು ಜನಕ್ಕೂ ಅರ್ಥವಾಯಿತು. ಒಬ್ಬೊಬ್ಬರಾಗಿ ಜಗಲಿಯ ಮೇಲೆ ಕೂತರು. ಅಜ್ಜಿ ಕಾಫಿ ತಂದಳು, ಬಿಸ್ಕತ್ತಿನ ಡಬ್ಬಿ ತೆರೆದಳು. ಸತ್ತವರಿಗೆಂದು ತಂದದ್ದನ್ನು ಅವಳೇ ಮೊದಲು ಬಾಯಿಗೆ ಹಾಕಿಕೊಂಡಳು.

“ಅಕ್ಕ, ಇದೇನು ದೊಡ್ಡ ವಿಷಯ ಅಲ್ಲ,” ಎಂದ ಬೊಯೆಟ್. “ನಮ್ಮ ಮಾವ ಬೇರೆ ಊರಿನ ಪುರಸಭೇಲಿ ಇದ್ದಾನೆ. ಸಂಜೆಯೊಳಗೆ ಮರಣಪತ್ರ ಕಳಿಸ್ತಾನೆ. ನನ್ನ ಅಜ್ಜಿಗೂ ಅವನೇ ಕಳಿಸಿದ್ದು.”

“ನಿನ್ನ ಅಜ್ಜಿ ಎರಡು ಸಲ ಸತ್ತಳಲ್ಲೋ?” ಎಂದ ಇನ್ನೊಬ್ಬ.

“ಎರಡು ಸಲಾನೂ ಅವನೇ.”

ಎಲ್ಲರೂ ನಕ್ಕರು. ಚೋನಾ ಅಕ್ಕನಿಗೂ ನಗು ತಡೆಯಲಾಗಲಿಲ್ಲ. ಆಮೇಲೆ ಅವರು ನಿಟ್ಟುಸಿರು ಬಿಟ್ಟು, “ಪತ್ರ ಬಂದ್ರೆ ನಾನು ಕಣ್ಣು ಮುಚ್ಚಿ ದಾಖಲು ಮಾಡ್ತೀನಿ. ಇಲ್ಲಿ ನೋಡಿದ್ದನ್ನ ಯಾರೂ ಬಾಯಿ ಬಿಡಲ್ಲ,” ಎಂದರು.

“ಮಾಡಿಸ್ಕೋ ಪುಟ್ಟಿ,” ಎಂದಳು ಅಜ್ಜಿ. “ಕಾಗದದಲ್ಲಿ ಸತ್ರೆ ನನಗೇನು ನೋವಾಗುತ್ತಾ?”

ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಅಷ್ಟೊಂದು ಪ್ರೀತಿಯನ್ನು ನಾನು ಆ ಕಚೇರಿಯಲ್ಲಿ ಕಂಡಿರಲಿಲ್ಲ. ಹೂಂ ಅಂದರೆ ಸಾಕಿತ್ತು, ಕೆಲಸ ಉಳಿಯುತ್ತಿತ್ತು. ಶನಿವಾರ ಮತ್ತೆ ಅದೇ ಕುರ್ಚಿ. ಎರಡು ದಿನ ಸಂತಾಪ ಹೇಳುತ್ತಾರೆ, ಮೂರನೇ ದಿನ ಎಲ್ಲರೂ ಮರೆಯುತ್ತಾರೆ, ನಾನು ಹೆಡ್‌ಸೆಟ್ ಹಾಕಿಕೊಂಡು ಆ ಸದ್ದಿಗೆ ಕಾಯುತ್ತಾ ಕೂತಿರುತ್ತೇನೆ. ಮುಂದಿನ ಸಲ ಯಾರನ್ನು ಸಾಯಿಸಲಿ?

“ಬೇಡ ಅಕ್ಕ,” ಎಂದೆ. “ಯಾರೂ ಸತ್ತಿಲ್ಲ, ನನಗೆ ಹುಷಾರಿಲ್ಲ ಅಂತ ಬರೀರಿ.”

“ಹುಚ್ಚಿ, ಕೆಲಸ ಹೋಗಬಹುದು ಕಣೇ.”

“ಗೊತ್ತು.”

“ಮೇಲಿನವರು ಕೇಳಿದ್ರೆ ನಾನೂ ಉತ್ತರ ಹೇಳಬೇಕಾಗುತ್ತೆ.”

“ಅದೂ ಗೊತ್ತು ಅಕ್ಕ. ಕ್ಷಮಿಸಿ.”

ಅವರು ಕಾಫಿ ಲೋಟ ಕೆಳಗಿಟ್ಟರು. ಆಮೇಲೆ ಫೋನ್ ತೆಗೆದು ರಜೆಯ ನಮೂನೆ ತೆರೆದರು. ಅಜ್ಜಿ ನನ್ನ ಕೈ ಎತ್ತಿ ತನ್ನ ಮಡಿಲಲ್ಲಿ ಇಟ್ಟುಕೊಂಡಳು.

“ಯಾವಾಗಿಂದ ಅಂತ ಕೇಳುತ್ತೆ ಇಲ್ಲಿ,” ಎಂದರು ಚೋನಾ ಅಕ್ಕ. “ಸೋಮವಾರದಿಂದ ಅಂತ ಹಾಕಲಾ?”

“ಇಲ್ಲ ಅಕ್ಕ. ಫೆಬ್ರವರಿಯಿಂದ.”

ಅವರ ಬೆರಳು ನಿಂತಿತು. ಈಗ ಸೆಪ್ಟೆಂಬರ್. ನನ್ನ ಕುರ್ಚಿಗೂ ಅವರ ಕುರ್ಚಿಗೂ ನಾಲ್ಕು ಹೆಜ್ಜೆ ದೂರ.

“ಫೆಬ್ರವರಿಯಲ್ಲಿ ನಿನ್ನನ್ನ ತಿಂಗಳ ತಾರೆ ಅಂತ ಮಾಡಿದ್ವಿ,” ಎಂದರು. “ನಾನೇ ನಿನಗೆ ಹಾರ ಹಾಕಿದ್ದೆ.”

“ಹೌದು ಅಕ್ಕ.”

“ಫೋಟೋದಲ್ಲಿ ನಗ್ತಾ ಇದ್ದೆಯಲ್ಲೇ.”

ಚೋನಾ ಅಕ್ಕ ಫೆಬ್ರವರಿ ಎಂದು ಬರೆದರು.