ಪಾಲಿಶ್ ಮನೆಯ ಕೈಸನ್ನೆ

ಗೇಟಿನ ಗೋಡೆಯ ಮರೆಯಲ್ಲಿ ಹೊಳಬಸಪ್ಪ ಎರಡೂ ಕಿವಿ ಮಷೀನುಗಳನ್ನು ತೆಗೆದು ಡಬ್ಬಿಗೆ ಹಾಕುತ್ತಿದ್ದಾಗ ಭುಜದ ಮೇಲೊಂದು ಕೈ ಬಿತ್ತು. ತಿರುಗಿ ನೋಡಿದರೆ ಮೇಸ್ತ್ರಿ ಮುನಾಫ. ಡಬ್ಬಿಯ ಮುಚ್ಚಳ ಇನ್ನೂ ತೆರೆದೇ ಇತ್ತು.

ಕೆಲಸ ಹೋಯಿತು ಎಂದುಕೊಂಡ ಹೊಳಬಸಪ್ಪ. ಇಳಕಲ್ಲಿನ ಆ ಗ್ರಾನೈಟ್ ಪಾಲಿಶ್ ಘಟಕದಲ್ಲಿ ಅವನದು ಹತ್ತೊಂಬತ್ತು ವರ್ಷದ ದುಡಿಮೆ. ಯಂತ್ರ ಶುರುವಾದರೆ ಅಲ್ಲಿ ಯಾರ ಮಾತೂ ಯಾರಿಗೂ ಕೇಳಿಸದು. ಅಂಗೈ ಎತ್ತಿದರೆ ನೀರು ನಿಲ್ಲಿಸು, ಮುಷ್ಟಿ ತಿರುವಿದರೆ ಚಕ್ರ ಬದಲಿಸು, ಎಲ್ಲವೂ ಕೈಸನ್ನೆ. ಹೀಗಾಗಿ ಕಿವಿ ಮಂದವಾದದ್ದು ಅವನಿಗೇ ತಿಳಿಯಲಿಲ್ಲ. ಹೆಂಡತಿ ಸುನಂದಾ ಬಾಯೊಳಗೇ ಗೊಣಗುತ್ತಾಳೆಂದು ಎರಡು ವರ್ಷ ಅವಳ ಮೇಲೆ ಸಿಡಿಮಿಡಿಗೊಂಡ. ಮತ್ತೊಂದು ವರ್ಷ ಬಳ್ಳೊಳ್ಳಿ ಹಾಕಿ ಕಾಸಿದ ಎಣ್ಣೆಯನ್ನು ಕಿವಿಗೆ ಬಿಟ್ಟುಕೊಂಡ. ಮಷೀನು ಹಾಕಿದರೆ ಉಳಿದ ಕಿವಿಯೂ ಸೋಮಾರಿಯಾಗಿ ಸತ್ತೇಹೋಗುತ್ತದೆಂದು ಚಹಾದಂಗಡಿಯಲ್ಲಿ ಯಾರೋ ಹೆದರಿಸಿದ್ದರು. ಹೋದ ತಿಂಗಳು ಸುನಂದಾ ಹಟ ಹಿಡಿದು ಬಾಗಲಕೋಟೆಗೆ ಕರೆದೊಯ್ದಾಗ ಡಾಕ್ಟರಬಾಯಿ ಅದನ್ನೆಲ್ಲ ತಳ್ಳಿಹಾಕಿದ್ದರು. ಸದ್ದಿಗೆ ಸವೆದದ್ದು ಎಣ್ಣೆಗೆ ಮರಳದು, ಮಷೀನಿನಿಂದ ಕಿವಿ ಕೆಡದು, ರೂಢಿಯಾಗಲು ಮಾತ್ರ ಕೆಲವು ವಾರ ಬೇಕು ಎಂದು ಹೇಳಿ ಎರಡೂ ಕಿವಿಗೆ ಮಷೀನು ಹಾಕಿಸಿದ್ದರು.

"ಮಾಲಕರಿಗೆ ಹೇಳಬ್ಯಾಡ್ರಿ ಭಾಯ್," ಎಂದ ಹೊಳಬಸಪ್ಪ. "ಕಿವಿ ಕೇಳದಾಂವನ್ನ ಯಾರು ಇಟ್ಕೋತಾರ?"

ಮುನಾಫ ಬಾಯಲ್ಲಿದ್ದ ಎಲೆಅಡಿಕೆ ಉಗುಳಿ, ಅವನೆದುರಿಗೆ ಬಂದು, ಬಿಸಿಲಿಗೆ ಮುಖಮಾಡಿ ನಿಂತ.

"ನಾಕು ವರ್ಷದಿಂದ ನನಗ ಗೊತ್ತೈತಲೇ. ಮಾಲಕರಿಗೂ ಗೊತ್ತೈತಿ. ನಿನ್ನಂಗ ಕಲ್ಲಿಗೆ ಹೊಳಪು ತರಾವ ಇನ್ನೊಬ್ಬನ್ನ ತೋರಸು, ಆಮ್ಯಾಲ ನಿನ್ನ ಬಿಡಸೂ ಮಾತು."

ತುಟಿಗಳ ಮೇಲೆ ಆ ಮಾತು ಸ್ಪಷ್ಟವಾಗಿತ್ತು. ಈ ನಾಲ್ಕು ವರ್ಷ ಮುನಾಫ ಒಮ್ಮೆಯೂ ಬಾಯಲ್ಲಿ ಎಲೆ ಇಟ್ಟುಕೊಂಡು ತನ್ನೊಡನೆ ಮಾತಾಡಿಲ್ಲ, ಬೆನ್ನ ಹಿಂದಿನಿಂದ ಕರೆದಿಲ್ಲ ಎನ್ನುವುದು ಹೊಳಬಸಪ್ಪನಿಗೆ ಆಗ ಹೊಳೆಯಿತು. ಡಬ್ಬಿಯ ಮುಚ್ಚಳ ಹಾಕಿ ಜೇಬಿಗಿಟ್ಟುಕೊಂಡ.

ಆಫೀಸಿನ ಮೊಳೆಗೆ ಧೂಳು ತಿನ್ನುತ್ತ ನೇತಾಡುತ್ತಿದ್ದ, ಸದ್ದು ತಡೆಯುವ ಕಿವಿಗವಸುಗಳನ್ನು ಮುನಾಫ ಇಳಿಸಿ ತಂದ. ಒಂದನ್ನು ಅವನಿಗೆ ಕೊಟ್ಟು, ಇನ್ನೊಂದನ್ನು ತಾನೇ ಹಾಕಿಕೊಂಡ. ಒಳಗೆ ಇದು, ಹೊರಗೆ ಮಷೀನು, ಎಂದು ಸನ್ನೆ ಮಾಡಿದ.

ಮಧ್ಯಾಹ್ನ ಯಂತ್ರಗಳು ನಿಂತ ಮೇಲೆ, ಬುತ್ತಿ ಬಿಚ್ಚಿದ ಎಲ್ಲರ ನಡುವೆಯೇ ಕುಳಿತು ಹೊಳಬಸಪ್ಪ ಕಿವಿ ಮಷೀನು ಹಾಕಿಕೊಂಡ.

"ಇನ್ನ ಇವನ್ನ ಬೈಯ್ಯೂದಾದ್ರ ಗ್ವಾಡಿ ಸಂದ್ಯಾಗ ಹೋಗಿ ಬೈಬೇಕ್ರಪಾ," ಎಂದ ಪಕ್ಕದಲ್ಲಿ ಕುಳಿತ ಜೊತೆಗಾರ ಬಂಡೆಪ್ಪ.

ಎಲ್ಲರೂ ನಕ್ಕರು. ಬಂಡೆಪ್ಪ ಉಳ್ಳಾಗಡ್ಡಿಯೊಂದನ್ನು ಮುಂದಿಟ್ಟುಕೊಂಡು ಗುದ್ದಿ ಒಡೆದ. ಆ ಸದ್ದಿಗೆ ಹೊಳಬಸಪ್ಪ ಬೆಚ್ಚಿದ. ಬಂಡೆಪ್ಪ ಅರ್ಧ ಹೋಳನ್ನು ಅವನ ರೊಟ್ಟಿಯ ಮೇಲಿಟ್ಟು, ತನ್ನ ಬುತ್ತಿಯ ಕಡೆ ತಿರುಗಿದ.