ಕೆಂಪು ದಾರದ ಸ್ಕೇಲು

ರಾಣಿಗಂಜಿನ ಅಂಗಡಿಯಲ್ಲಿ ಆ ಟೇಬಲ್ ನೋಡಿದ ಕೂಡಲೇ ನನಗೆ ಸಿಟ್ಟು ಬಂತು. ಡ್ರಿಲ್ ಮಷೀನಿಗೆ ಕೂರಿಸುವ ಮರದ ಟೇಬಲ್ ಅದು. ಮರ ಅನ್ನುವುದು ಹೆಸರಿಗೆ. ಒಳಗೆ ಹೊಟ್ಟು ಒತ್ತಿ ಮಾಡಿದ ಹಲಗೆ, ಮೇಲೆ ಹೊಳೆಯುವ ಕಾಗದ, ಹಿಂದೆ ಕೆಲಸದ ಹಲಗೆ ಒರಗಿಸಲು ಒಂದು ಅಲ್ಯೂಮಿನಿಯಂ ಪಟ್ಟಿ. ಉಗುರಿನಿಂದ ಅಂಚು ಕೆರೆದೆ. ಪುಡಿ ಉದುರಿತು.

ಒಂದು ಮಳೆಗಾಲ ಕಂಡರೆ ಇದು ಹಪ್ಪಳದ ಹಾಗೆ ಉಬ್ಬುತ್ತದೆ ಎಂದು ಅಂಗಡಿಯವನಿಗೆ ಹಿಂದಿಯಲ್ಲಿ ಹೇಳಿದೆ.

"ಲೇನಾ ಹೈ ತೋ ಲೋ ಮಿಯಾ, ನೈ ತೋ ಹಾಥ್ ನಕ್ಕೋ ಲಗಾವ್," ಎಂದ. ಕೊಳ್ಳದಿದ್ದರೆ ಕೈ ಹಚ್ಚಬೇಡ ಅಂತ.

ನಾನು ಕೈ ಹಚ್ಚಿದ್ದಷ್ಟೇ ಅಲ್ಲ, ಅದನ್ನು ಎತ್ತಿ ಅವನ ಗಲ್ಲಾಪೆಟ್ಟಿಗೆಯ ಮೇಲೆ ಕುಕ್ಕಿ ಹೊರಗೆ ಬಂದೆ.

ನನ್ನನ್ನು ಅಲ್ಲಿಗೆ ಕಳಿಸಿದವರು ವತ್ಸಲಕ್ಕ, ನನಗೆ ಕೆಲಸ ಕಲಿಸಿದ ಉಸ್ತಾದ್ ಜನಾರ್ದನ ಅವರ ಹೆಂಡತಿ. ಬಾಲಾನಗರದ ಕಡೆಯ ಒಂದು ಸರಕಾರಿ ಕಾರ್ಖಾನೆಯಲ್ಲಿ ಎರಕಕ್ಕೆ ಮರದ ಅಚ್ಚು ಮಾಡುವ ವಿಭಾಗ ಇತ್ತು. ಉಸ್ತಾದ್ ಅಲ್ಲಿಯ ಹಿರಿಯ ಕೆಲಸಗಾರ. ನಾನು ಕೊಪ್ಪಳದ ಕಡೆಯ ಹಳ್ಳಿಯಲ್ಲಿ ಏಳನೇ ತರಗತಿ ಮುಗಿಸಿ, ಗುತ್ತಿಗೆಯವನ ಕೈಕೆಳಗೆ ಹಲಗೆ ಹೊರಲು ಬಂದವನು. ಮೊದಲ ವಾರವೇ ಒಬ್ಬ ಸೂಪರ್‌ವೈಸರ್ ಜೊತೆ ಜಗಳ ಮಾಡಿದೆ. ಹೊರಗೆ ಹಾಕುವವರಿದ್ದರು. ಉಸ್ತಾದ್ ನನ್ನನ್ನು ತಮ್ಮ ಬೆಂಚಿಗೆ ಎಳೆದುಕೊಂಡರು. "ಹುಲಗ್ಯಾ, ಕೆಲಸಕ್ಕ ಬರೋಮುಂದ ಸಿಟ್ಟು ಬಾಗಲದಾಗ ಬಿಟ್ಟು ಬಾ. ಹೋಗೋಮುಂದ ತಗೊಂಡು ಹೋಗು, ಯಾರೂ ಕದಿಯಂಗಿಲ್ಲ," ಎಂದರು. ಆ ಮಾತನ್ನು ಅವರು ಆಮೇಲೆ ಎಷ್ಟು ಸಲ ಹೇಳಿದರೋ. ನಾನು ಕೇಳಲಿಲ್ಲ, ಆದರೆ ಕೆಲಸ ಕಲಿತೆ. ಈಗ ಫತೇನಗರದಲ್ಲಿ ನನ್ನದೇ ಬಾಗಿಲು, ಚೌಕಟ್ಟಿನ ಕಾರ್ಖಾನೆ ಇದೆ.

ಉಸ್ತಾದ್ ನಿವೃತ್ತರಾದ ಮೇಲೆ ಬೇಗಂಪೇಟೆ ರೈಲು ನಿಲ್ದಾಣದ ಹಿಂದಿನ ತಮ್ಮ ಮನೆಯ ಪಕ್ಕದಲ್ಲಿ ತಗಡಿನ ಶೆಡ್ ಹಾಕಿಕೊಂಡರು. ಅಲ್ಲಿ ಅಳಗುಳಿಮಣೆ ಮಾಡುತ್ತಿದ್ದರು. ಹುಣಸೆಬೀಜ ಹಾಕಿ ಆಡುವ, ಎರಡು ಸಾಲು ಗುಳಿಗಳ ಮಣೆ. ನಮ್ಮ ಕಡೆಯ ಯಾರ ಮನೆಯಲ್ಲಿ ಮದುವೆಯಾದರೂ ಒಂದು ಮಣೆ ಉಡುಗೊರೆ. ಗುಳಿ ತೋಡಲು ಒಂದು ಹಳೆಯ ಡ್ರಿಲ್ ಮಷೀನು ಇತ್ತು. ಅದರ ತಟ್ಟೆ ಕಬ್ಬಿಣದ್ದು, ಊಟದ ತಾಟಿಗಿಂತ ಸಣ್ಣದು. ಉದ್ದನೆಯ ಮಣೆ ಅದರ ಮೇಲೆ ಎರಡೂ ಕಡೆ ಜೋತು ಬೀಳುತ್ತಿತ್ತು.

ಹೋದ ಚಳಿಗಾಲದಲ್ಲಿ ಅವರು ಮಾಡಿದ ಮಣೆಗಳ ಗುಳಿ ಸಾಲು ತಪ್ಪಿದ್ದವು. ಒಂದರಲ್ಲಿ ಎರಡು ಗುಳಿ ಒಂದಕ್ಕೊಂದು ಒಡೆದುಕೊಂಡಿದ್ದವು. "ತಟ್ಟಿ ಸಣ್ಣದಾತು," ಎಂದರು ಉಸ್ತಾದ್. "ಮ್ಯಾಲೊಂದು ಅಗಲ ಟೇಬಲ್ ಕೂಡಿಸಬೇಕು. ಹಿಂದ ಪಟ್ಟಿ ಇದ್ದರ ಸಾಲು ತಪ್ಪಂಗಿಲ್ಲ." ನನಗೂ ಸರಿ ಅನಿಸಿತು. ಇಷ್ಟು ವರ್ಷ ಅದೇ ಸಣ್ಣ ತಟ್ಟೆಯ ಮೇಲೆ ಸಾಲು ಯಾಕೆ ತಪ್ಪಲಿಲ್ಲ ಎಂದು ನಾನು ಯೋಚಿಸಲಿಲ್ಲ.

ಅದರ ಮರುದಿನವೇ ವತ್ಸಲಕ್ಕ ಫೋನು ಮಾಡಿದ್ದರು. "ಹುಲಗೇಶಾ, ರಾಣಿಗಂಜಿನಾಗ ಸಿದ್ಧ ಟೇಬಲ್ ಸಿಗತಾವಂತ. ರೊಕ್ಕ ನಾ ಕೊಡ್ತೀನಿ. ಒಂದು ತಂದು ಹಾಕಿಬಿಡು. ಅವರನ್ನ ಕೇಳಾಕ ಹೋಗಬ್ಯಾಡ."

ಅಂಗಡಿಯಿಂದ ನೇರ ಅವರ ಮನೆಗೆ ಹೋದೆ. ವತ್ಸಲಕ್ಕ ಜಗಲಿಯ ಮೇಲೆ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದರು. ನನ್ನ ಬರಿಗೈ ನೋಡಿದರು.

"ತರಲಿಲ್ಲ?"

"ಅದು ಟೇಬಲ್ ಅಲ್ರಿ ಅಕ್ಕಾರ, ಬಿಸ್ಕೀಟು. ಚಹಾದಾಗ ಅದ್ದಿದರ ಕರಗತೈತಿ. ಒಂದು ಪ್ಲೈವುಡ್ ತಂದರ ನಾವಿಬ್ಬರೂ ಕುಂತು ಒಂದು ದಿನದಾಗ ಕಟ್ಟತೀವಿ."

"ಕಟ್ಟೋದು ಬ್ಯಾಡ ಅಂದ್ನೆಲ್ಲ ನಾನು."

"ಯಾಕ ಬ್ಯಾಡ? ಉಸ್ತಾದ್ ಮನಿಗೆ ಆ ಕಸಾ ತಂದು ಹಾಕಲೇನ್ರಿ? ನಿಮಗ ಕೆಲಸದ ಬೆಲಿ ಗೊತ್ತಿಲ್ಲ."

ಇಂಥ ಮಾತುಗಳು ನನ್ನ ಬಾಯಿಂದ ಸಲೀಸಾಗಿ ಬರುತ್ತವೆ. ಅವರು ಸೊಪ್ಪಿನ ಕಡ್ಡಿಯನ್ನು ಮುರಿದು ಮುರಿದು ಹಾಕಿದರು. ಅಷ್ಟರಲ್ಲಿ ಉಸ್ತಾದ್ ಶೆಡ್ಡಿನಿಂದ ಹೊರಗೆ ಬಂದರು. ಮಾತು ಕೇಳಿಸಿಕೊಂಡಿದ್ದರು.

"ಟೇಬಲ್ ಕೊಂಡು ತರಾಕ ಹೋಗಿದ್ದೇನಲೇ? ಕುಂಬಾರ ಬಜಾರಕ್ಕ ಹೋಗಿ ಗಡಗಿ ಕೊಂಡಂಗ ಆತು. ಆಯಿತವಾರ ಬಾ. ಕಟ್ಟೂಣು."

ಅವರ ಮುಖ ಅರಳಿತ್ತು. ನಾನು ಗೆದ್ದವನ ಹಾಗೆ ವತ್ಸಲಕ್ಕನ ಕಡೆ ನೋಡಿದೆ. ಅವರು ಬುಟ್ಟಿ ಎತ್ತಿಕೊಂಡು ಒಳಗೆ ಹೋದರು.

ಆ ಶೆಡ್ಡಿನ ಗೋಡೆಯ ಮೇಲೆ ಎರಡು ಉಕ್ಕಿನ ಸ್ಕೇಲು ಬೇರೆ ಬೇರೆ ಮೊಳೆಗೆ ನೇತಾಡುತ್ತಿದ್ದವು. ಒಂದು ಎಲ್ಲರ ಹತ್ತಿರ ಇರುವಂಥದ್ದು. ಇನ್ನೊಂದರ ತೂತಿಗೆ ಕೆಂಪು ದಾರ ಕಟ್ಟಿತ್ತು. ಅದು ಅಚ್ಚಿನವರ ಸ್ಕೇಲು. ಮರದ ಅಚ್ಚನ್ನು ಮರಳಿನಲ್ಲಿ ಒತ್ತಿ, ಆ ಗುಳಿಗೆ ಕರಗಿದ ಕಬ್ಬಿಣ ಹೊಯ್ಯುತ್ತಾರೆ. ಕಬ್ಬಿಣ ಆರುವಾಗ ಕುಗ್ಗುತ್ತದೆ. ಹಾಗಾಗಿ ಅಚ್ಚು ಒಂದಿಷ್ಟು ದೊಡ್ಡದೇ ಇರಬೇಕು. ಪ್ರತಿಸಲ ಲೆಕ್ಕ ಹಾಕುತ್ತ ಕೂರಲು ಆಗದು ಎಂದು ಅಚ್ಚಿನವರು ಬೇರೆ ಸ್ಕೇಲೇ ಇಟ್ಟುಕೊಳ್ಳುತ್ತಾರೆ. ಅದರ ಮೇಲೂ ಅವೇ ಅಂಕಿ, ಅವೇ ಗೆರೆ, ಆದರೆ ಒಂದೊಂದು ಇಂಚೂ ಕೂದಲೆಳೆಯಷ್ಟು ಉದ್ದ. ಎರಡು ಅಡಿ ಅಳೆದರೆ ಕಾಲಿಂಚು ಹೆಚ್ಚು ಬರುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟರಷ್ಟೇ ಗೊತ್ತಾಗುತ್ತದೆ. ಬೇರೆ ಯಾರಾದರೂ ತಪ್ಪಿ ತೆಗೆದುಕೊಂಡಾರು ಎಂದೇ ಆ ಕೆಂಪು ದಾರ. ಉಸ್ತಾದ್ ಅವರಿಗೆ ದಾರದ ಗರಜು ಇರಲಿಲ್ಲ. ಕತ್ತಲಲ್ಲಿ ಕೈಗೆ ಕೊಟ್ಟರೂ ಯಾವುದು ಯಾವುದೆಂದು ಹೇಳುತ್ತಿದ್ದರು.

ಆಯಿತವಾರ ಬೆಳಿಗ್ಗೆ ಪ್ಲೈವುಡ್ ಹೊತ್ತು ಹೋದೆ. ಎರಡು ಹಲಗೆ ಒಂದರ ಮೇಲೊಂದು ಅಂಟಿಸಿ, ಸುತ್ತ ತೇಗದ ಪಟ್ಟಿ ಹೊಡೆದು, ಬೋಲ್ಟಿನಿಂದ ಮಷೀನಿನ ತಟ್ಟೆಗೆ ಬಿಗಿಯುವುದು ನಮ್ಮ ಲೆಕ್ಕ. ಉಸ್ತಾದ್ ಗೆರೆ ಹಾಕುತ್ತಿದ್ದರು, ನಾನು ಕೊಯ್ಯುತ್ತಿದ್ದೆ. ಅವರ ಗುರುತು ಬೇರೆ ಯಾರೂ ಹಾಕುವುದಿಲ್ಲ. ಗೆರೆಯ ತುದಿಯಲ್ಲಿ ಕಾಗೆಯ ಕಾಲಿನ ಹಾಗೆ ಮೂರು ಸಣ್ಣ ಗೀಟು. ಉಸ್ತಾದ್ ಹಾಕಿದ ಗೆರೆಯನ್ನು ಇನ್ನೊಮ್ಮೆ ಅಳೆಯುವುದು ಅವರ ಮುಖಕ್ಕೆ ಹೊಡೆದ ಹಾಗೆ. ಅಚ್ಚಿನವರಲ್ಲಿ ಅದು ನಡೆದು ಬಂದದ್ದು. ನಾನು ಎಂದೂ ಅಳೆದವನಲ್ಲ.

ಕೆಳಗಿನ ಹಲಗೆ ಆಯಿತು. ಚಹಾ ಆಯಿತು. ಆಮೇಲೆ ಮೇಲಿನ ಹಲಗೆಗೆ ಗೆರೆ ಹಾಕಿದರು, ಬೋಲ್ಟಿನ ತೂತಿಗೂ ಗುರುತು ಮಾಡಿದರು. ನಾನು ಕೊಯ್ದೆ, ತೂತು ಹೊಡೆದೆ. ಎರಡನ್ನೂ ಕೂಡಿಸಿದೆ.

ಕೂಡಲಿಲ್ಲ. ಎಡಗಡೆ ಅಂಚು ಸರಿಯಿಟ್ಟರೆ ಬಲಗಡೆ ಮೇಲಿನ ಹಲಗೆ ಹೊರಗೆ ಚಾಚಿತು. ಬೋಲ್ಟು ಮೇಲಿನ ತೂತಿನಲ್ಲಿ ಇಳಿದು ಕೆಳಗಿನ ಹಲಗೆಗೆ ತಾಗಿ ನಿಂತಿತು.

ನನಗೆ ಸಿಟ್ಟೇ ಬಂತು. ಬೇರೆ ಯಾರಾದರೂ ಆಗಿದ್ದರೆ ಅವನ ಮನೆತನ ಎತ್ತಿ ಬೈಯುತ್ತಿದ್ದೆ. ಬಾಯಿ ತೆರೆದೂ ಆಗಿತ್ತು. ಉಸ್ತಾದ್ ಆ ಚಾಚಿದ ಅಂಚಿನ ಮೇಲೆ ಹೆಬ್ಬೆರಳು ಇಟ್ಟರು. "ಎರಡು ಅಡಿಗೆ ಕಾಲಿಂಚು," ಎಂದರು ಮೆಲ್ಲಗೆ. ಆಮೇಲೆ ಗೋಡೆ ನೋಡಿದರು. ಒಂದು ಮೊಳೆ ಖಾಲಿ ಇತ್ತು. ಬೆಂಚಿನ ಮೇಲೆ, ಚಹಾದ ಲೋಟದ ಪಕ್ಕ, ಕೆಂಪು ದಾರ ಬಿದ್ದಿತ್ತು.

ಹೆಬ್ಬೆರಳು ಅಲ್ಲೇ ಇತ್ತು. ಲೋಟ ಒಯ್ಯಲು ಬಂದ ವತ್ಸಲಕ್ಕ ಬಾಗಿಲಲ್ಲೇ ನಿಂತಿದ್ದರು. ಅವರ ಮುಖದಲ್ಲಿ ಆಶ್ಚರ್ಯ ಇರಲಿಲ್ಲ. ಆಗ ನನಗೆ ತಿಳಿಯಿತು, ಕೊಂಡು ತಾ ಎಂದು ಅವರು ಯಾಕೆ ಹೇಳಿದ್ದರು ಅಂತ.

"ನಾನರಿ ಉಸ್ತಾದ್," ಎಂದೆ. "ಗೆರಿ ಅಳಿಸಿದಂಗಿತ್ತು. ನೀವು ಅತ್ಲಾಗ ತಿರುಗಿದಾಗ ನಾನ ತಿರುಗಿ ಹಾಕಿದೆ. ಕೈಗೆ ಇದು ಸಿಕ್ತು."

ಅವರು ನನ್ನನ್ನು ನೋಡಿದರು. "ಕೆಂಪು ದಾರ ಕಾಣಲಿಲ್ಲೇನು?"

"ಇಲ್ರಿ."

"ಕಣ್ಣು ಊರಾಗ ಬಿಟ್ಟು ಬಂದೀಯೇನಲೇ? ಏಳನೇತ್ತ ಕಲ್ತಾವ ಅಂತ ಹೇಳಾಕ ನಾಚಿಕಿ ಬರಬೇಕು ನಿನಗ. ಎಮ್ಮಿ ಕಾಯಾಕ ಹೋಗಿದ್ದರ ಸಂಜಿಗೆ ಮಂದಿ ಎಮ್ಮಿ ಹೊಡಕೊಂಡು ಬರ್ತಿದ್ದಿ."

"ಹೌದ್ರಿ."

"ಹೌದ್ರಿ ಅಂತಾನ, ನೋಡ ಇವನ್ನ. ಯಾರಿಗೂ ಬಗ್ಗದ ಹುಲಿ, ಹೌದ್ರಿ ಅಂತೈತಿ. ಅಚ್ಚಿನ ಸ್ಕೇಲು ಯಾವುದು, ಪ್ಲೈವುಡ್ಡಿನ ಸ್ಕೇಲು ಯಾವುದು ಗೊತ್ತಾಗದಾವ ಕಾರ್ಖಾನಿ ಇಟ್ಟಾನಂತ."

ನನಗೆ ಯಾರಾದರೂ ಒಂದು ಮಾತು ಅಂದರೆ ನಾಲ್ಕು ಅಂದು ಬಿಡುವವನು ನಾನು. ಆ ದಿನ ಅವರು ಬೈಯುವುದು ನಿಲ್ಲಿಸದಿರಲಿ ಎಂದು ತಲೆ ತಗ್ಗಿಸಿ ನಿಂತಿದ್ದೆ. ಅವರ ದನಿ ಹಳೆಯ ದನಿಯೇ ಆಗಿತ್ತು.

ಆಮೇಲೆ ನಾನು ಬೋಲ್ಟಿನ ತೂತು ಹಿಗ್ಗಿಸಿ, ಹೆಚ್ಚಾದ ಅಂಚನ್ನು ಕೊಯ್ದು ತೆಗೆದೆ. ಕಡ್ಡಿಯಂಥ ತುಂಡು ಕೆಳಗೆ ಬಿತ್ತು. ಉಸ್ತಾದ್ ಬಗ್ಗಿ ಅದನ್ನು ಎತ್ತಿಕೊಂಡರು. ಅದರ ಮೇಲೆ ಅವರದೇ ಗುರುತು, ಆ ಕಾಗೆಯ ಕಾಲು ಇತ್ತು. ನಾನು ಅದನ್ನು ಮರೆತಿದ್ದೆ. ಅವರು ಬೆಳಕಿಗೆ ಹಿಡಿದು ನೋಡಿದರು, ನನ್ನ ಕಡೆ ನೋಡಲಿಲ್ಲ. ತುಂಡನ್ನು ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡರು.

ಮುಂದೆ ಅವರು ಗೆರೆ ಹಾಕಲಿಲ್ಲ. "ನೀ ಹಾಕು," ಎಂದರು. ನಾನು ಹಾಕಿದೆ. ತೇಗದ ಪಟ್ಟಿ ಹೊಡೆದು, ಅಂಚು ನುಣುಪಾಗಲು ರಂದಾ ಎಳೆದೆ. ಸಿಟ್ಟು ಇನ್ನೂ ಒಳಗೆ ಇತ್ತು, ಯಾರ ಮೇಲೆ ಎಂದು ಗೊತ್ತಿರಲಿಲ್ಲ. ರಂದಾ ಜೋರಾಗಿ ಓಡಿ ಒಂದು ಮೂಲೆಯಲ್ಲಿ ಮರ ಕಿತ್ತುಬಂತು. ಉಸ್ತಾದ್ ನೋಡಿದರೂ ಬೈಯಲಿಲ್ಲ. ಅದರಿಂದಲೇ ನನಗೆ ಹೆಚ್ಚು ನೋವಾಯಿತು.

ಹೊರಡುವಾಗ ಅವರು ಕೆಂಪು ದಾರದ ಸ್ಕೇಲನ್ನು ಹಳೆಯ ಪೇಪರಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು.

"ಒಯ್ಯಿ. ಮನ್ಯಾಗ ಎರಡು ಬ್ಯಾಡ."

"ಉಸ್ತಾದ್, ಅದು ನಿಮ್ಮದು."

"ಒಯ್ಯಿ ಅಂದ್ನೆಲ್ಲ."

ಗೇಟಿನವರೆಗೆ ವತ್ಸಲಕ್ಕ ಬಂದರು. ಉಸ್ತಾದ್ ಅವರ ಮರೆವು ದೀಪಾವಳಿಯ ಮೊದಲೇ ಶುರುವಾಗಿತ್ತಂತೆ. ಕೋಠಿಗೆ ಔಷಧಿ ತರಲು ಹೋದವರು ಮನೆ ಕಡೆಯ ಬಸ್ಸು ಯಾವುದೆಂದು ತಿಳಿಯದೆ ಒಂದು ಪುಸ್ತಕದ ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದರು. ಅಂಗಡಿಯವನೇ ಫೋನು ಹಚ್ಚಿ ಕರೆಸಿದ. ಡಾಕ್ಟರು ಇದು ಹಿಂದಕ್ಕೆ ಬರುವಂಥದ್ದಲ್ಲ ಎಂದಿದ್ದರು.

"ನನಗ ಮೊದಲ ಹೇಳಬೇಕಿತ್ತಲ್ರಿ," ಎಂದೆ. ಆಗಲೂ ನನ್ನ ದನಿ ಏರಿಯೇ ಇತ್ತು.

"ಯಾರಿಗೂ ಹೇಳಬ್ಯಾಡ, ಹುಲಗ್ಯಾಗಂತೂ ಹೇಳಲೇಬ್ಯಾಡ ಅಂದಿದ್ದರಪಾ. ಕೊಂಡಿದ್ದು ತಂದು ಇಟ್ಟಿದ್ದರ ನಾಕು ದಿನ ಅಂಗಡಿಯವನ್ನ ಬೈಕೋತ ಕೂಡ್ತಿದ್ದರು. ಕಟ್ಟಾಕ ಕುಂತರ ತಪ್ಪು ಅವರ ಕಣ್ಣಿಗೇ ಬೀಳತೈತಿ. ಅದಕ್ಕ ಬ್ಯಾಡ ಅಂದೆ."

ಸ್ಕೂಟರಿನ ಸೀಟಿನ ಕೆಳಗೆ ಆ ಸ್ಕೇಲು ಹಿಡಿಸಲಿಲ್ಲ. ಬೆನ್ನಿಗೆ ಅಂಗಿಯೊಳಗೆ ಸಿಕ್ಕಿಸಿಕೊಂಡು ಫತೇನಗರದವರೆಗೆ ನೆಟ್ಟಗೆ ಕೂತು ಬಂದೆ.

ಮಳೆಗಾಲದ ಹೊತ್ತಿಗೆ ಉಸ್ತಾದ್ ಶೆಡ್ಡಿಗೆ ಹೋಗುವುದು ಕಡಿಮೆಯಾಯಿತು. ನಾನು ಆಯಿತವಾರ ಹೋಗಿ ಅವರನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಕೂರುತ್ತಿದ್ದೆ. ಒಂದು ಆಯಿತವಾರ ಹೊರಗೆ ಜಿಟಿಜಿಟಿ ಮಳೆ. ಅವರು ಮಷೀನಿನ ಮುಂದೆ ನಿಂತು ಟೇಬಲ್ಲಿನ ಅಂಚಿನ ಮೇಲೆ ಕೈ ಆಡಿಸಿದರು. ಟೇಬಲ್ ಉಬ್ಬಿರಲಿಲ್ಲ, ಕೀಲು ಬಿಟ್ಟಿರಲಿಲ್ಲ.

"ಎಲ್ಲಿ ಕೊಂಡಿ ಇದನ್ನ?" ಎಂದು ಕೇಳಿದರು.

ವತ್ಸಲಕ್ಕ ಹುಣಸೆಬೀಜ ತೊಳೆದು ಬಟ್ಟೆಯಲ್ಲಿ ಒರೆಸುತ್ತಿದ್ದರು. ಅವರ ಕೈ ನಿಂತಿತು.

"ರಾಣಿಗಂಜಿನಾಗರಿ," ಎಂದೆ.

"ಚಲೋ ಮಾಡ್ಯಾನ. ಕೆಲಸ ಬಲ್ಲಾವ." ಬಗ್ಗಿ ಕಣ್ಣು ಸಣ್ಣದು ಮಾಡಿ ಅಂಚು ನೋಡಿದರು. ಮರ ಕಿತ್ತುಬಂದಿದ್ದ ಮೂಲೆಯಲ್ಲಿ ಬೆರಳು ನಿಲ್ಲಿಸಿದರು. "ಆದರ ಇಲ್ಲಿ ನೋಡು. ರಂದಾ ಸಿಟ್ಟಿಲೆ ಎಳದಾನ."

"ಹೌದ್ರಿ. ಭಾಳ ಸಿಟ್ಟಿನ ಮನಿಷಾ."

"ನಿನಗ ಗುರ್ತೇನು?"

"ಗುರ್ತ ಐತ್ರಿ."

"ಹಂಗಾರ ಸಿಕ್ಕಾಗ ಹೇಳು," ಎಂದರು ಉಸ್ತಾದ್. "ಕೆಲಸಕ್ಕ ಬರೋಮುಂದ ಸಿಟ್ಟು ಬಾಗಲದಾಗ ಬಿಟ್ಟು ಬರಬೇಕಂತ. ಹೋಗೋಮುಂದ ತಗೊಂಡು ಹೋಗಬೇಕಂತ."

ಹೇಳುತ್ತೇನೆ ಎಂದೆ. ವತ್ಸಲಕ್ಕ ಮತ್ತೆ ಬೀಜ ಒರೆಸತೊಡಗಿದರು. ಉಸ್ತಾದ್ ಆ ಮೂಲೆಯಿಂದ ಬೆರಳು ತೆಗೆಯಲಿಲ್ಲ. ನಾನು ಮರಳುಕಾಗದ ತೆಗೆದುಕೊಂಡು, ಅವರ ಪಕ್ಕ ನಿಂತು, ಆ ಮೂಲೆಯನ್ನು ಮೆಲ್ಲಗೆ ಉಜ್ಜತೊಡಗಿದೆ.